ಮುಚ್ಚಳ ಮುಚ್ಚಿತ್ತು, ಮಾತು ಬಯಲಲ್ಲಿತ್ತು

ಕೈಯಲ್ಲಿ ಹಿಡಿಯುವ ಮೊಬೈಲ್ ಫೋನು ಮಾರುಕಟ್ಟೆಗೆ ಬಂದಾಗ ಅದನ್ನು ಜೇಬಿಗೆ ಹಾಕಿಕೊಳ್ಳುವ ಮಾತೇ ಇರಲಿಲ್ಲ. ಅಮೆರಿಕದ ಮೊಟೊರೊಲ ಕಂಪೆನಿ 1983ರಲ್ಲಿ ತಂದ ಡೈನಾಟ್ಯಾಕ್ ಫೋನಿನ ಬೆಲೆ 3,995 ಡಾಲರ್. ತೂಕ ಮುಕ್ಕಾಲು ಕಿಲೊಗೂ ಹೆಚ್ಚು. ಜನ ಅದನ್ನು 'ಇಟ್ಟಿಗೆ' ಎಂದೇ ಕರೆದರು. ಫೋನನ್ನು ಎಷ್ಟು ಕಿರಿದು ಮಾಡಿದರೂ ಕಿವಿಗೂ ಬಾಯಿಗೂ ನಡುವಿನ ಅಂತರ ಕಿರಿದಾಗದಲ್ಲ! ಈ ತೊಡಕಿಗೆ ಸಿಕ್ಕ ಉತ್ತರವೇ ಮಡಚುವ ಫೋನು.

1989ರ ಮೈಕ್ರೊಟ್ಯಾಕ್‌ನಲ್ಲಿ ಗುಂಡಿಗಳ ಮೇಲೊಂದು ಪುಟ್ಟ ಮುಚ್ಚಳವಿತ್ತು. 1996ರ ಸ್ಟಾರ್‌ಟ್ಯಾಕ್‌ನಲ್ಲಿ ಇಡೀ ಫೋನೇ ಚಿಪ್ಪಿನಂತೆ ಎರಡಾಗಿ ಮಡಚಿಕೊಂಡಿತು. ತೂಕ ಕೇವಲ 88 ಗ್ರಾಂ. ಮುಚ್ಚಳ ತೆರೆದರೆ ಮಾತು, ಮುಚ್ಚಿದರೆ ಮುಕ್ತಾಯ. ಜೇಬಿನಲ್ಲಿ ಗುಂಡಿ ತಾನಾಗಿ ಒತ್ತಿಹೋಗುವ ಭಯವಿಲ್ಲ. ಸಭೆಯಲ್ಲಿ ಕುಳಿತಾಗ ಸದ್ದಿಲ್ಲದೆ ಕಂಪಿಸಿ ಕರೆ ಬಂದದ್ದನ್ನು ತಿಳಿಸುತ್ತಿತ್ತು. ದೋಷಗಳೂ ಇದ್ದವು. ತೆಳು ಬ್ಯಾಟರಿ ಬೇಗ ಬರಿದಾಗುತ್ತಿತ್ತು; ದಿನವೂ ಮಡಚುವ ಕೀಲು ಸವೆಯುತ್ತಿತ್ತು.

ಆದರೆ ದೊಡ್ಡ ದೋಷ ಫೋನಿನದಲ್ಲ, ಅದು ನೆಚ್ಚಿಕೊಂಡಿದ್ದ ಅನಲಾಗ್ ಜಾಲದ್ದು. ಆ ಜಾಲದಲ್ಲಿ ಮಾತು ರೇಡಿಯೊ ಪ್ರಸಾರದಂತೆ ಗಾಳಿಯಲ್ಲಿ ಬಯಲಾಗಿ ಸಾಗುತ್ತಿತ್ತು. ಫೋನಿನ ಗುರುತು ಸಂಖ್ಯೆಯೂ ಹಾಗೆಯೇ. ಕಳ್ಳರು ಅದನ್ನು ಹಿಡಿದು ಬೇರೊಂದು ಫೋನಿಗೆ ತುಂಬಿದರೆ, ಮಾತು ಅವರದು, ಬಿಲ್ಲು ಇವರದು!

1996ರ ಡಿಸೆಂಬರ್ 21ರಂದು ಅಮೆರಿಕದ ಪ್ರತಿನಿಧಿ ಸಭೆಯ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ತಮ್ಮ ಮೇಲಿನ ನೈತಿಕ ಆರೋಪದ ಬಗ್ಗೆ ಪಕ್ಷದ ಮುಖಂಡರೊಂದಿಗೆ ಫೋನಿನಲ್ಲಿ ಮಾತಾಡಿದರು. ಅವರಲ್ಲೊಬ್ಬರಾದ ಜಾನ್ ಬೇನರ್ ಫ್ಲಾರಿಡಾದಲ್ಲಿ ಕಾರಿನೊಳಗಿಂದ ಮೊಬೈಲ್ ಹಿಡಿದಿದ್ದರು. ದಂಪತಿಯೊಬ್ಬರು ರೇಡಿಯೊ ಸ್ಕ್ಯಾನರ್‌ನಲ್ಲಿ ಈ ಸಂಭಾಷಣೆ ಕೇಳಿ ಟೇಪು ಮಾಡಿಕೊಂಡರು. ಮರು ತಿಂಗಳು ಅದು ಪತ್ರಿಕೆಯಲ್ಲಿ ಅಚ್ಚಾಯಿತು. ದಂಪತಿ ತಪ್ಪೊಪ್ಪಿಕೊಂಡು ತಲಾ 500 ಡಾಲರ್ ದಂಡ ತೆತ್ತರು. ರಹಸ್ಯ ಕಾಯಲು ಸ್ಪೀಕರ್ ಪದವಿಯೂ ನೆರವಾಗಲಿಲ್ಲ ಎಂದಾಯಿತು.

ಭಾರತಕ್ಕೆ ಈ ಪಾಡು ತಪ್ಪಿತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕೇಂದ್ರ ಸಚಿವ ಸುಖರಾಂ ಅವರಿಗೆ ಕರೆ ಮಾಡಿ ಸೇವೆ ಉದ್ಘಾಟಿಸಿದಾಗ, ಇಲ್ಲಿನ ಜಾಲ ಆರಂಭದಿಂದಲೇ ಡಿಜಿಟಲ್ ಆಗಿತ್ತು. ಅಮೆರಿಕದಲ್ಲಿ ಅನಲಾಗ್ ಸೇವೆ ಕೊಡಲೇಬೇಕೆಂಬ ಸರ್ಕಾರಿ ನಿಯಮ 2008ರ ಫೆಬ್ರವರಿ 18ಕ್ಕೆ ಕೊನೆಗೊಂಡಿತು. ಆ ಬಳಿಕ ಜಾಲಗಳು ಒಂದೊಂದಾಗಿ ಮುಚ್ಚಿದವು. ಹಳೆಯ ಅನಲಾಗ್ ಸ್ಟಾರ್‌ಟ್ಯಾಕ್ ಇಂದೂ ಮಡಚುತ್ತದೆ, ತೆರೆಯುತ್ತದೆ. ಅದರ ಕರೆ ಹಿಡಿಯುವ ಗೋಪುರ ಮಾತ್ರ ಅಲ್ಲಿಲ್ಲ.