ಬಿಸಿಲೂರಿನಿಂದ ಹಿಮದೂರಿಗೆ: ಬಳ್ಳಾರಿ ಕುಟುಂಬಗಳಿಗೊಂದು ಕೈಪಿಡಿ

ಬಳ್ಳಾರಿ: ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಜನತೆಗೆ ಹೊಸತಲ್ಲ. ಅದೇ ಹೊತ್ತಿಗೆ ಶಾಲೆಗಳಿಗೆ ರಜೆ ಆರಂಭವಾಗುತ್ತದೆ. ಒಮ್ಮೆಯಾದರೂ ಹಿಮದಲ್ಲಿ ಆಡಬೇಕೆಂಬ ಮಕ್ಕಳ ಹಂಬಲಕ್ಕೆ ಮಣಿದು ಅನೇಕ ಕುಟುಂಬಗಳು ಮನಾಲಿಯ ದಾರಿ ಹಿಡಿಯುತ್ತವೆ. ಆದರೆ ನಮ್ಮಲ್ಲಿ ಶಾಲೆಗೆ ರಜೆ ಇರುವ ಕಾಲಕ್ಕೂ ಅಲ್ಲಿ ಹಿಮ ಬೀಳುವ ಕಾಲಕ್ಕೂ ತಾಳೆಯಾಗುವುದಿಲ್ಲ. ಇದನ್ನರಿಯದೆ ಹೊರಟವರು ಖರ್ಚು ಮಾಡಿಯೂ ಹುಲ್ಲುಗಾವಲು ನೋಡಿ ಮರಳಬೇಕಾದೀತು. ಆದ್ದರಿಂದ ಊರಿಗಿಂತ ಮೊದಲು ತಿಂಗಳನ್ನು ಆರಿಸಿಕೊಳ್ಳುವುದು ಲೇಸು.

ಸೊಲಾಂಗ್: ಯಾವಾಗ ಹಿಮ, ಯಾವಾಗ ಹುಲ್ಲು?

ಹಿಮಾಚಲ ಪ್ರದೇಶದ ಮನಾಲಿ ಸಮುದ್ರಮಟ್ಟದಿಂದ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸುಮಾರು 13 ಕಿ.ಮೀ. ದೂರದ ಸೊಲಾಂಗ್ ಕಣಿವೆ ಮಕ್ಕಳೊಂದಿಗೆ ಹಿಮದಾಟಕ್ಕೆ ಹೋಗುವವರ ಮೊದಲ ಆಯ್ಕೆ. ಜಾರುಬಂಡಿ, ಸ್ಕೀಯಿಂಗ್, ರೋಪ್‌ವೇ ಇಲ್ಲಿನ ಆಕರ್ಷಣೆಗಳು. ಸಾಮಾನ್ಯವಾಗಿ ಡಿಸೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ, ಕೆಲವು ವರ್ಷ ಮಾರ್ಚ್‌ವರೆಗೂ ಇಲ್ಲಿ ಹಿಮವಿರುತ್ತದೆ. ಮೇ ತಿಂಗಳಲ್ಲಿ ಇದೇ ಇಳಿಜಾರು ಹಸಿರಾಗಿರುತ್ತದೆ. ದಸರಾ ರಜೆಯಲ್ಲಿ ಹೋದರೂ ಇಲ್ಲಿ ಹಿಮ ಸಿಗುವುದು ದುರ್ಲಭ.

ಬೇಸಿಗೆ ರಜೆಯಲ್ಲೇ ಹೋಗಬೇಕೆನ್ನುವವರು ಇನ್ನೂ ಮೇಲೇರಬೇಕು. 2020ರ ಅಕ್ಟೋಬರ್ 3ರಂದು ಉದ್ಘಾಟನೆಗೊಂಡ 9.02 ಕಿ.ಮೀ. ಉದ್ದದ ಅಟಲ್ ಸುರಂಗದಿಂದಾಗಿ ಲಾಹೌಲ್ ಕಣಿವೆಯ ಸಿಸ್ಸು, ಕೋಕ್ಸರ್ ಗ್ರಾಮಗಳು ಮನಾಲಿಗೆ ಹತ್ತಿರವಾಗಿವೆ. 3,000 ಮೀಟರಿಗೂ ಮೇಲಿರುವ ಈ ಪ್ರದೇಶದಲ್ಲಿ ಏಪ್ರಿಲ್‌ನಲ್ಲೂ ಹಿಮ ಉಳಿದಿರುವುದುಂಟು. ಮೇ-ಜೂನ್‌ನಲ್ಲಿ ಹಿಮ ನೋಡಲು 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿಗೇ ಹೋಗಬೇಕು. ಪ್ರವಾಸಿ ವಾಹನಗಳಿಗೆ ಅಲ್ಲಿ ಮುಂಗಡ ಅನುಮತಿ ಕಡ್ಡಾಯ. ದಿನಕ್ಕೆ ಇಂತಿಷ್ಟೇ ವಾಹನಗಳೆಂಬ ಮಿತಿಯೂ ಇದೆ. ದುರಸ್ತಿ ಕಾರ್ಯಕ್ಕಾಗಿ ಮಂಗಳವಾರ ಪ್ರವಾಸಿಗರಿಗೆ ದಾರಿ ಮುಚ್ಚಿರುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಭಾಗಕ್ಕೆ ಹೋಗದಿರುವುದೇ ಕ್ಷೇಮ. 2023ರ ಜುಲೈ ಪ್ರವಾಹದಲ್ಲಿ ಕುಲ್ಲು-ಮನಾಲಿ ರಸ್ತೆ ಹಲವೆಡೆ ಕೊಚ್ಚಿಹೋಗಿ, ಪ್ರವಾಸಿಗರು ದಿನಗಟ್ಟಲೆ ಸಿಲುಕಿಕೊಂಡಿದ್ದರು.

ಕಾಶ್ಮೀರದ ಗುಲ್ಮಾರ್ಗ್ ಮತ್ತೊಂದು ಆಯ್ಕೆ. ಅಲ್ಲಿನ ಗೊಂಡೋಲಾ ಎರಡನೇ ಹಂತದಲ್ಲಿ ಅಫರ್ವಾತ್ ಬೆಟ್ಟದ ಮೇಲ್ಭಾಗಕ್ಕೆ ಒಯ್ಯುವುದರಿಂದ ಬೇಸಿಗೆಯ ಆರಂಭದಲ್ಲೂ ಹಿಮ ಕಾಣಸಿಗುತ್ತದೆ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯಲ್ಲಿ ಕನ್ನಡಿಗರೂ ಪ್ರಾಣ ಕಳೆದುಕೊಂಡದ್ದನ್ನು ಮರೆಯುವಂತಿಲ್ಲ. ಸರಕಾರದ ಸೂಚನೆಗಳನ್ನು ತಿಳಿದುಕೊಂಡೇ ಪ್ರಯಾಣ ನಿಗದಿಪಡಿಸಿಕೊಳ್ಳಬೇಕು.

ಪ್ರಯಾಣದ ಲೆಕ್ಕ

ಸಿರುಗುಪ್ಪ, ಕುರುಗೋಡಿನವರು ಮೊದಲು ಬಳ್ಳಾರಿಗೆ ಬಂದು, ಅಲ್ಲಿಂದ ಸುಮಾರು 50 ಕಿ.ಮೀ. ದೂರದ ಗುಂತಕಲ್ ತಲುಪಿದರೆ ದೆಹಲಿಗೆ ತೆರಳುವ ಕರ್ನಾಟಕ ಎಕ್ಸ್‌ಪ್ರೆಸ್ ಸಿಗುತ್ತದೆ. ದೆಹಲಿ ಮುಟ್ಟಲು ಸುಮಾರು ಒಂದೂವರೆ ದಿನ ಬೇಕು. ಅಲ್ಲಿಂದ ಮನಾಲಿಗೆ 500 ಕಿ.ಮೀ.ಗೂ ಮಿಕ್ಕಿದ ದಾರಿಯನ್ನು ಬಸ್ಸಿನಲ್ಲಿ ಕ್ರಮಿಸಲು ಇಡೀ ರಾತ್ರಿ ಹಿಡಿಯುತ್ತದೆ. ಹೋಗಿಬರುವುದಕ್ಕೇ ನಾಲ್ಕೈದು ದಿನ ಮೀಸಲಿಡಬೇಕಾದ್ದರಿಂದ ಕ್ರಿಸ್‌ಮಸ್ ಆಸುಪಾಸಿನ ಚಿಕ್ಕ ರಜೆ ಸಾಲದು.

ಹತ್ತಿರದ ಹಿಮ

ಅಷ್ಟು ಸಮಯ, ಹಣ ಇಲ್ಲದವರಿಗೆ ಕೃತಕ ಹಿಮದ ಉದ್ಯಾನಗಳಿವೆ. ಬೆಂಗಳೂರಿನ ಜಯಮಹಲ್ ರಸ್ತೆಯ ಫನ್ ವರ್ಲ್ಡ್ ಆವರಣದಲ್ಲಿ ಸ್ನೋ ಸಿಟಿ ಇದೆ. ಹೈದರಾಬಾದಿನ ಲೋಯರ್ ಟ್ಯಾಂಕ್ ಬಂಡ್‌ನಲ್ಲಿ 2004ರಲ್ಲಿ ಸ್ನೋ ವರ್ಲ್ಡ್ ಆರಂಭವಾಯಿತು. ಹೊರಡುವ ಮುನ್ನ ದೂರವಾಣಿ ಮಾಡಿ ಅಂದು ತೆರೆದಿದೆಯೇ, ಟಿಕೆಟ್ ದರವೆಷ್ಟು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟರೆ ಬೆಳಿಗ್ಗೆ ಬೆಂಗಳೂರಿನಲ್ಲಿರಬಹುದು.

ಇಂಥ ಉದ್ಯಾನಗಳಲ್ಲಿ ಸಭಾಂಗಣದ ತಾಪಮಾನವನ್ನು ಶೂನ್ಯಕ್ಕಿಂತ ಸುಮಾರು 5 ಡಿಗ್ರಿ ಕೆಳಗೆ ಇರಿಸಲಾಗುತ್ತದೆ. ಒತ್ತಡದ ಗಾಳಿಯೊಂದಿಗೆ ಸಿಂಪಡಿಸಿದ ನೀರಿನ ಸೂಕ್ಷ್ಮ ಹನಿಗಳು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟಿ ಹಿಮವಾಗುವುದು ಇದರ ತಂತ್ರ. ಮರುಭೂಮಿಯ ದುಬೈಯಲ್ಲಿ 2005ರಲ್ಲಿ ತೆರೆದ ಸ್ಕೀ ದುಬೈ ಕೂಡ ಇಂಥ ಶೀತಲ ಸಭಾಂಗಣವೇ. ಬೆಟ್ಟದ ನೋಟ ಇಲ್ಲಿಲ್ಲ. ಆದರೆ ಎತ್ತರದ ತೊಂದರೆಯೂ ಇಲ್ಲ. ಚಳಿ ತಾಳದ ಮಗುವನ್ನು ಕೂಡಲೇ ಹೊರಗೆ ಕರೆತರಬಹುದು. ಪುಟ್ಟ ಮಕ್ಕಳು, ಹಿರಿಯರು ಇರುವ ಕುಟುಂಬಗಳು ಇಲ್ಲಿಂದಲೇ ಆರಂಭಿಸುವುದು ಸೂಕ್ತ.

ಜೀನ್ಸ್ ಬೇಡ, ಉಣ್ಣೆ ಇರಲಿ

ಬಳ್ಳಾರಿ ಜೀನ್ಸ್‌ಗೆ ಹೆಸರುವಾಸಿ. ಆದರೆ ಹಿಮಕ್ಕೆ ಅದು ಸಲ್ಲದ ಉಡುಪು. ಹತ್ತಿಯ ಬಟ್ಟೆ ನೀರು ಹೀರಿಕೊಂಡರೆ ಬೇಗ ಒಣಗದೆ ಮೈಯ ಶಾಖವನ್ನು ಕಸಿದುಕೊಳ್ಳುತ್ತದೆ. ಒಂದೇ ದಪ್ಪ ಕೋಟಿಗಿಂತ ಉಣ್ಣೆಯ ಎರಡು-ಮೂರು ಪದರಗಳು, ಮೇಲೆ ನೀರು ತಡೆಯುವ ಅಂಗಿ ಉತ್ತಮ. ಕಿವಿ ಮುಚ್ಚುವ ಟೋಪಿ, ಕೈಗವಸು, ಎರಡು ಜೊತೆ ಉಣ್ಣೆಯ ಕಾಲುಚೀಲ ಅಗತ್ಯ. ಮನಾಲಿಯಿಂದ ಸೊಲಾಂಗ್‌ಗೆ ಹೋಗುವ ದಾರಿಯಲ್ಲಿ ಕೋಟು, ಬೂಟು ಬಾಡಿಗೆಗೆ ಸಿಗುತ್ತವೆ. ಬಾಡಿಗೆಯನ್ನು ಮೊದಲೇ ಮಾತಾಡಿಕೊಂಡು, ಮಕ್ಕಳ ಅಳತೆ ನೋಡಿ ಪಡೆಯಬೇಕು. ಹಿಮ ಬಿಸಿಲನ್ನು ಪ್ರತಿಫಲಿಸುವುದರಿಂದ ತಂಪು ಕನ್ನಡಕವೂ ಬೇಕು.

ಆರೋಗ್ಯ ಮೊದಲು

ಬೇಸಿಗೆಯ ಬಳ್ಳಾರಿಗೂ ಹಿಮದ ಸಭಾಂಗಣಕ್ಕೂ ನಡುವಿನ ತಾಪಮಾನದ ಅಂತರ 45 ಡಿಗ್ರಿಯಷ್ಟು. ಶೀತಲ, ಒಣ ಗಾಳಿ ಅಸ್ತಮಾವನ್ನು ಕೆರಳಿಸಬಲ್ಲದು. ಅಸ್ತಮಾ, ಹೃದ್ರೋಗ ಇರುವವರು ಹಾಗೂ ಗರ್ಭಿಣಿಯರು ವೈದ್ಯರ ಸಲಹೆ ಪಡೆಯದೆ ಹೋಗಬಾರದು. ಇನ್‌ಹೇಲರ್ ಬಳಸುವವರು ಅದನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕು.

ಬೆಟ್ಟದಲ್ಲಿ ಎತ್ತರದ ಸಮಸ್ಯೆಯೂ ಸೇರಿಕೊಳ್ಳುತ್ತದೆ. ಬಳ್ಳಾರಿ ಇರುವುದು ಸುಮಾರು 500 ಮೀಟರ್ ಎತ್ತರದಲ್ಲಿ. ರೋಹ್ತಾಂಗ್ ಅದರ ಎಂಟು ಪಟ್ಟು ಎತ್ತರ. ಅಲ್ಲಿ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಶೇ. 60ರಷ್ಟು ಮಾತ್ರ. ಆದ್ದರಿಂದ ಮನಾಲಿ ತಲುಪಿದ ದಿನ ವಿಶ್ರಾಂತಿ ಪಡೆದು, ಮರುದಿನ ಸೊಲಾಂಗ್ ನೋಡಿ, ನಂತರವೇ ಮೇಲೇರಬೇಕು. ತಲೆನೋವು, ವಾಕರಿಕೆ, ತಲೆಸುತ್ತು ಕಾಣಿಸಿಕೊಂಡರೆ ಮುಂದಕ್ಕೆ ಹೋಗದೆ ಕೆಳಗಿಳಿಯುವುದೇ ತಕ್ಕ ಪರಿಹಾರ. ಮಕ್ಕಳ ಬೆರಳು, ಮೂಗು, ಕಿವಿ ಮರಗಟ್ಟಿದರೆ ಉಜ್ಜಬಾರದು, ಬೆಂಕಿಗೆ ಒಡ್ಡಬಾರದು. ಒದ್ದೆ ಬಟ್ಟೆ ತೆಗೆದು ಉಗುರುಬೆಚ್ಚಗಿನ ನೀರಿನಲ್ಲಿ ಬೆಚ್ಚಗಾಗಿಸಿ ವೈದ್ಯರಿಗೆ ತೋರಿಸಬೇಕು.

ಪುಟ್ಟ ಮಕ್ಕಳಿರುವವರಿಗೆ ಬೆಂಗಳೂರು. ಜನವರಿ-ಫೆಬ್ರವರಿಯಲ್ಲಿ ಹತ್ತು ದಿನ ಬಿಡುವು ಮಾಡಿಕೊಳ್ಳಬಲ್ಲವರಿಗೆ ಸೊಲಾಂಗ್. ಬೇಸಿಗೆಯಲ್ಲೇ ಹೊರಡುವ ಆರೋಗ್ಯವಂತರಿಗೆ, ಅನುಮತಿ ದೊರೆತರೆ ರೋಹ್ತಾಂಗ್. ಟಿಕೆಟ್ ಕಾಯ್ದಿರಿಸುವ ಮುನ್ನ ಇಷ್ಟನ್ನು ಮನೆಮಂದಿಯೆಲ್ಲ ಕುಳಿತು ತೀರ್ಮಾನಿಸಿಕೊಂಡರೆ ಪ್ರವಾಸ ಸುಗಮವಾದೀತು.