ಜೇಮ್ಸ್ ರೌಸ್

ಜೇಮ್ಸ್ ವಿಲ್ಸನ್ ರೌಸ್ (ಏಪ್ರಿಲ್ ೨೬, ೧೯೧೪ – ಏಪ್ರಿಲ್ ೯, ೧೯೯೬) ಅಮೆರಿಕದ ಸ್ಥಿರಾಸ್ತಿ ಉದ್ಯಮಿ, ನಗರ ನಿರ್ಮಾಪಕ ಹಾಗೂ ಸಮಾಜಸೇವಕ. ಮೇರಿಲ್ಯಾಂಡ್ ರಾಜ್ಯದ ಕೊಲಂಬಿಯಾ ಎಂಬ ಯೋಜಿತ ನಗರ, ಬಾಸ್ಟನ್‌ನ ಫ್ಯಾನ್ಯುಯಲ್ ಹಾಲ್ ಮಾರುಕಟ್ಟೆ ಮತ್ತು ಬಾಲ್ಟಿಮೋರ್‌ನ ಹಾರ್ಬರ್‌ಪ್ಲೇಸ್ ಇವರ ಪ್ರಮುಖ ನಿರ್ಮಾಣಗಳು. ೧೯೮೨ರಲ್ಲಿ ತಮ್ಮ ಪತ್ನಿ ಪ್ಯಾಟಿ ರೌಸ್ ಅವರೊಂದಿಗೆ ಎಂಟರ್‌ಪ್ರೈಸ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯನ್ನು ಸ್ಥಾಪಿಸಿ, ಬಡ ಕುಟುಂಬಗಳಿಗೆ ಕೈಗೆಟುಕುವ ಬಾಡಿಗೆಯ ಮನೆಗಳನ್ನು ಒದಗಿಸುವ ಕಾರ್ಯದಲ್ಲಿ ತೊಡಗಿದರು. ಜನರ ಅಗತ್ಯಗಳನ್ನು ಪೂರೈಸುವುದೇ ಉದ್ಯಮದ ಉದ್ದೇಶ, ಲಾಭವು ಅದರ ಫಲ ಎಂಬುದು ಅವರ ನಿಲುವಾಗಿತ್ತು. ಈ ನಿಲುವು ಎಲ್ಲಿ ಫಲ ನೀಡಿತು ಮತ್ತು ಎಲ್ಲಿ ಮಿತಿಗಳನ್ನು ಕಂಡಿತು ಎಂಬುದಕ್ಕೆ ಅವರ ವೃತ್ತಿಜೀವನವು ಒಂದು ಉದಾಹರಣೆಯಾಗಿದೆ.

ಆರಂಭಿಕ ಜೀವನ ಮತ್ತು ಶಿಕ್ಷಣ

ರೌಸ್ ಅವರು ಮೇರಿಲ್ಯಾಂಡ್‌ನ ಈಸ್ಟನ್ ಪಟ್ಟಣದಲ್ಲಿ ಜನಿಸಿದರು. ೧೯೩೦ರಲ್ಲಿ, ಅವರಿಗೆ ಹದಿನಾರು ವರ್ಷವಾಗಿದ್ದಾಗ, ತಾಯಿ ಮತ್ತು ತಂದೆ ಇಬ್ಬರೂ ಕೆಲವೇ ತಿಂಗಳುಗಳ ಅಂತರದಲ್ಲಿ ತೀರಿಕೊಂಡರು. ಅದು ಮಹಾ ಆರ್ಥಿಕ ಕುಸಿತದ ಕಾಲವಾಗಿದ್ದು, ಕುಟುಂಬವು ಸಾಲದ ಕಾರಣದಿಂದ ತನ್ನ ಮನೆಯನ್ನೂ ಕಳೆದುಕೊಂಡಿತು. ಹವಾಯಿ ಮತ್ತು ವರ್ಜೀನಿಯಾ ವಿಶ್ವವಿದ್ಯಾಲಯಗಳಲ್ಲಿ ಕೆಲಕಾಲ ವ್ಯಾಸಂಗ ಮಾಡಿದ ನಂತರ ಅವರು ಬಾಲ್ಟಿಮೋರ್ ನಗರಕ್ಕೆ ಬಂದರು. ಅಲ್ಲಿ ಒಂದು ಗ್ಯಾರೇಜಿನಲ್ಲಿ ಕಾರುಗಳನ್ನು ನಿಲ್ಲಿಸುವ ಕೆಲಸ ಮಾಡುತ್ತಾ, ರಾತ್ರಿ ತರಗತಿಗಳಲ್ಲಿ ಓದಿ, ೧೯೩೭ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು.

ಅಡಮಾನ ಸಾಲದ ವ್ಯವಹಾರ

ರೌಸ್ ಅವರ ವೃತ್ತಿಯು ಕಟ್ಟಡ ನಿರ್ಮಾಣದಿಂದಲ್ಲ, ಗೃಹಸಾಲದಿಂದ ಆರಂಭವಾಯಿತು. ಗೃಹಸಾಲಗಳಿಗೆ ವಿಮೆ ನೀಡುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಅವರು ಕೆಲಕಾಲ ದುಡಿದರು. ೧೯೩೯ರಲ್ಲಿ ಹಂಟರ್ ಮಾಸ್ ಎಂಬ ಪಾಲುದಾರರೊಂದಿಗೆ ಮಾಸ್–ರೌಸ್ ಕಂಪನಿಯನ್ನು ಸ್ಥಾಪಿಸಿದರು. ಸರ್ಕಾರಿ ವಿಮೆಯಿರುವ ಸಾಲಗಳನ್ನು ಹೊಂದಿಸಿಕೊಡುವುದು ಈ ಕಂಪನಿಯ ಮುಖ್ಯ ಕೆಲಸವಾಗಿತ್ತು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಅವರು ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದರು.

ಆ ಕಾಲದ ಸಾಲವಿಮೆಯ ನಿಯಮಗಳು ಕಪ್ಪು ಜನಾಂಗದವರು ವಾಸಿಸುವ ಬಡಾವಣೆಗಳನ್ನು ಬಹುಮಟ್ಟಿಗೆ ಹೊರಗಿಟ್ಟಿದ್ದವು. ಹೊಸ ಉಪನಗರಗಳಿಗೆ ಹಣ ಹರಿದಂತೆ ಹಳೆಯ ನಗರಗಳ ಬಡಾವಣೆಗಳು ಶಿಥಿಲಗೊಂಡವು. ಯುದ್ಧಾನಂತರದ ವರ್ಷಗಳಲ್ಲಿ ರೌಸ್ ಅವರು ‘ಬಾಲ್ಟಿಮೋರ್ ಯೋಜನೆ’ಯಲ್ಲಿ ಸಕ್ರಿಯರಾಗಿ ಪಾಲ್ಗೊಂಡರು. ಕೊಳೆಗೇರಿಗಳನ್ನು ನೆಲಸಮ ಮಾಡುವ ಬದಲು, ವಸತಿ ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಿ ಮನೆಗಳನ್ನು ದುರಸ್ತಿ ಮಾಡಿಸುವುದು ಈ ಯೋಜನೆಯ ಉದ್ದೇಶವಾಗಿತ್ತು. ೧೯೫೩ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರು ನೇಮಿಸಿದ ವಸತಿ ಸಲಹಾ ಸಮಿತಿಯಲ್ಲಿಯೂ ರೌಸ್ ಸದಸ್ಯರಾಗಿದ್ದರು. ಈ ಸಮಿತಿಯ ಶಿಫಾರಸುಗಳು ೧೯೫೪ರ ವಸತಿ ಕಾಯ್ದೆಗೆ ಆಧಾರವಾದವು.

ಮಾಲ್‌ಗಳ ನಿರ್ಮಾಣ

೧೯೫೦ರ ದಶಕದಲ್ಲಿ ರೌಸ್ ಅವರು ವ್ಯಾಪಾರ ಸಂಕೀರ್ಣಗಳ ನಿರ್ಮಾಣಕ್ಕೆ ಕಾಲಿಟ್ಟರು. ೧೯೫೮ರಲ್ಲಿ ಬಾಲ್ಟಿಮೋರ್ ಸಮೀಪದಲ್ಲಿ ಆರಂಭವಾದ ಹಾರಂಡೇಲ್ ಮಾಲ್ ಅಮೆರಿಕದ ಮೊದಮೊದಲ ಆವೃತ ಮಾಲ್‌ಗಳಲ್ಲಿ ಒಂದು. ೧೯೬೧ರಲ್ಲಿ ನ್ಯೂಜೆರ್ಸಿಯ ಚೆರ್ರಿ ಹಿಲ್ ಮಾಲ್ ಆರಂಭವಾಯಿತು. ಅಂಗಡಿಗಳ ಬಾಡಿಗೆಯಿಂದ ಬರುವ ಸ್ಥಿರ ಆದಾಯವು ಕಂಪನಿಗೆ ಆರ್ಥಿಕ ಬಲವನ್ನು ನೀಡಿತು. ಆದರೆ ಉಪನಗರಗಳ ಇಂತಹ ಮಾಲ್‌ಗಳು ನಗರ ಕೇಂದ್ರಗಳ ವ್ಯಾಪಾರವನ್ನು ಸೆಳೆದುಕೊಂಡು ಅವುಗಳ ಅವನತಿಗೆ ಕಾರಣವಾದವು ಎಂಬ ಟೀಕೆಯೂ ಇದೆ.

ಕೊಲಂಬಿಯಾ ನಗರ

ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ನಗರಗಳ ನಡುವಿನ ಹೋವರ್ಡ್ ಕೌಂಟಿಯಲ್ಲಿ ಒಂದು ಸಂಪೂರ್ಣ ನಗರವನ್ನು ಕಟ್ಟಲು ರೌಸ್ ನಿರ್ಧರಿಸಿದರು. ವಿಷಯ ತಿಳಿದರೆ ಭೂಮಿಯ ಬೆಲೆ ಏರುವುದೆಂಬ ಕಾರಣದಿಂದ ೧೯೬೨–೬೩ರಲ್ಲಿ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಗುಟ್ಟಾಗಿ ೧೪,೦೦೦ ಎಕರೆಗಳಷ್ಟು ಕೃಷಿಭೂಮಿಯನ್ನು ಖರೀದಿಸಲಾಯಿತು. ಎಕರೆಗೆ ಸರಾಸರಿ ೧,೫೦೦ ಡಾಲರ್‌ಗಳಷ್ಟು ವೆಚ್ಚವಾಯಿತು. ಕನೆಕ್ಟಿಕಟ್ ಜನರಲ್ ಎಂಬ ಜೀವವಿಮಾ ಕಂಪನಿ ಇದಕ್ಕೆ ಹಣ ಒದಗಿಸಿತು. ೧೯೬೩ರ ಅಕ್ಟೋಬರ್‌ನಲ್ಲಿ ಯೋಜನೆಯನ್ನು ಬಹಿರಂಗಪಡಿಸಲಾಯಿತು.

ರೌಸ್ ಅವರು ನಗರಕ್ಕೆ ನಾಲ್ಕು ಗುರಿಗಳನ್ನು ಇಟ್ಟುಕೊಂಡಿದ್ದರು:

• ಮನೆಗಳಷ್ಟೇ ಅಲ್ಲದೆ ಉದ್ಯೋಗ, ಶಾಲೆ, ಆಸ್ಪತ್ರೆಗಳೂ ಇರುವ ಪರಿಪೂರ್ಣ ನಗರ
• ಭೂಮಿಯನ್ನು ಗೌರವಿಸುವುದು
• ಜನರ ಬೆಳವಣಿಗೆಗೆ ಅವಕಾಶ ಕಲ್ಪಿಸುವುದು
• ಲಾಭ ಗಳಿಸುವುದು

ಲಾಭವನ್ನೂ ಒಂದು ಗುರಿಯಾಗಿ ಸೇರಿಸಿದ್ದಕ್ಕೆ ಕಾರಣವಿತ್ತು. ಯೋಜನೆಯು ಲಾಭದಾಯಕವಾಗದಿದ್ದರೆ ಇತರ ನಿರ್ಮಾಪಕರು ಅದನ್ನು ಅನುಸರಿಸುವುದಿಲ್ಲವೆಂದು ಅವರು ಭಾವಿಸಿದ್ದರು. ಕೃಷಿಭೂಮಿಯ ಬೆಲೆಗೆ ಕೊಂಡ ನೆಲದ ಮೌಲ್ಯವು ನಗರ ಬೆಳೆದಂತೆ ಹೆಚ್ಚುತ್ತದೆ. ಆ ಹೆಚ್ಚಳದಿಂದಲೇ ಉದ್ಯಾನ, ಕೆರೆ, ಕಾಲುದಾರಿಗಳ ವೆಚ್ಚವನ್ನು ಭರಿಸಬಹುದು ಎಂಬುದು ಯೋಜನೆಯ ಆರ್ಥಿಕ ತಿರುಳು. ನಗರ ನಿರ್ಮಾಣದ ಮೊದಲು ಸಮಾಜಶಾಸ್ತ್ರ, ಶಿಕ್ಷಣ, ಆರೋಗ್ಯ ಮುಂತಾದ ಕ್ಷೇತ್ರಗಳ ತಜ್ಞರ ತಂಡದೊಂದಿಗೆ ಚರ್ಚೆ ನಡೆಸಲಾಯಿತು.

೧೯೬೭ರ ಜೂನ್‌ನಲ್ಲಿ ನಗರವು ಅಧಿಕೃತವಾಗಿ ಆರಂಭಗೊಂಡಿತು. ಜನಾಂಗದ ಆಧಾರದ ಮೇಲೆ ಯಾರಿಗೂ ಮನೆ ನಿರಾಕರಿಸಬಾರದೆಂಬ ನೀತಿಯನ್ನು ಮೊದಲಿನಿಂದಲೇ ಪಾಲಿಸಲಾಯಿತು. ವಸತಿಯಲ್ಲಿ ಜನಾಂಗೀಯ ತಾರತಮ್ಯವನ್ನು ನಿಷೇಧಿಸುವ ಫೆಡರಲ್ ಕಾಯ್ದೆ ಬಂದದ್ದು ಅದರ ಮರುವರ್ಷ, ೧೯೬೮ರಲ್ಲಿ. ವಿವಿಧ ಪಂಥ–ಧರ್ಮಗಳವರು ಒಂದೇ ಕಟ್ಟಡವನ್ನು ಹಂಚಿಕೊಳ್ಳುವ ಸರ್ವಧರ್ಮ ಕೇಂದ್ರಗಳು, ನೆರೆಹೊರೆಯವರು ಭೇಟಿಯಾಗುವಂತೆ ಒಟ್ಟಾಗಿ ಇರಿಸಿದ ಅಂಚೆಪೆಟ್ಟಿಗೆಗಳು ಇಲ್ಲಿನ ವೈಶಿಷ್ಟ್ಯಗಳು. ನಗರವು ಹತ್ತು ‘ಹಳ್ಳಿ’ಗಳಾಗಿ ವಿಭಜಿತವಾಗಿದೆ. ೧೯೭೦ರ ದಶಕದ ಮಧ್ಯಭಾಗದ ಆರ್ಥಿಕ ಹಿಂಜರಿತದಲ್ಲಿ ಯೋಜನೆಯು ಸಾಲದ ಹೊರೆಗೆ ಸಿಲುಕಿತಾದರೂ ಚೇತರಿಸಿಕೊಂಡಿತು. ಇಂದು ಇಲ್ಲಿ ಸುಮಾರು ಒಂದು ಲಕ್ಷ ಜನರು ವಾಸಿಸುತ್ತಾರೆ.

ನಗರ ಕೇಂದ್ರದ ಮಾರುಕಟ್ಟೆಗಳು

೧೯೭೬ರಲ್ಲಿ ಬಾಸ್ಟನ್‌ನ ಹಳೆಯ ಮಾರುಕಟ್ಟೆ ಕಟ್ಟಡಗಳನ್ನು ವಾಸ್ತುಶಿಲ್ಪಿ ಬೆಂಜಮಿನ್ ಥಾಂಪ್ಸನ್ ಅವರ ವಿನ್ಯಾಸದಂತೆ ನವೀಕರಿಸಿ ಫ್ಯಾನ್ಯುಯಲ್ ಹಾಲ್ ಮಾರುಕಟ್ಟೆಯಾಗಿ ತೆರೆಯಲಾಯಿತು. ದೊಡ್ಡ ಮಳಿಗೆಗಳಿಗೆ ಬದಲಾಗಿ ಸಣ್ಣ ಅಂಗಡಿಗಳು, ತಿನಿಸಿನ ಮಳಿಗೆಗಳು ಮತ್ತು ತಳ್ಳುಗಾಡಿಗಳಿಗೆ ಇಲ್ಲಿ ಆದ್ಯತೆ ನೀಡಲಾಯಿತು. ಇದರ ಯಶಸ್ಸಿನ ನಂತರ ೧೯೮೦ರಲ್ಲಿ ಬಾಲ್ಟಿಮೋರ್ ಬಂದರಿನ ದಡದಲ್ಲಿ ಹಾರ್ಬರ್‌ಪ್ಲೇಸ್, ೧೯೮೩ರಲ್ಲಿ ನ್ಯೂಯಾರ್ಕ್‌ನ ಸೌತ್ ಸ್ಟ್ರೀಟ್ ಸೀಪೋರ್ಟ್ ಆರಂಭವಾದವು. ೧೯೮೧ರಲ್ಲಿ ಟೈಮ್ ಪತ್ರಿಕೆಯು ರೌಸ್ ಅವರ ಚಿತ್ರವನ್ನು ಮುಖಪುಟದಲ್ಲಿ ಪ್ರಕಟಿಸಿತು.

ಜ್ಯೂಬಿಲಿ ಹೌಸಿಂಗ್

೧೯೭೩ರಲ್ಲಿ ವಾಷಿಂಗ್ಟನ್‌ನ ಒಂದು ಸಣ್ಣ ಚರ್ಚಿನ ಸದಸ್ಯೆಯರು ಆಡಮ್ಸ್ ಮಾರ್ಗನ್ ಬಡಾವಣೆಯ ರಿಟ್ಜ್ ಮತ್ತು ಮೊಜಾರ್ಟ್ ಎಂಬ ಎರಡು ಶಿಥಿಲ ವಸತಿ ಕಟ್ಟಡಗಳನ್ನು ಬಡವರಿಗಾಗಿ ಕೊಳ್ಳಲು ರೌಸ್ ಅವರ ನೆರವು ಕೋರಿದರು. ಅವುಗಳಲ್ಲಿದ್ದ ೯೦ ಮನೆಗಳಲ್ಲಿ ೯೦೦ಕ್ಕೂ ಹೆಚ್ಚು ವಸತಿ ನಿಯಮ ಉಲ್ಲಂಘನೆಗಳು ದಾಖಲಾಗಿದ್ದವು. ಈ ಸಾಹಸ ಬೇಡವೆಂದು ರೌಸ್ ಮೊದಲು ಸಲಹೆ ನೀಡಿದರು. ಆದರೂ ಅವರು ಮುಂಗಡ ಹಣ ಕಟ್ಟಿದಾಗ, ಖರೀದಿ ಮತ್ತು ದುರಸ್ತಿಗೆ ಬೇಕಾದ ಸಾಲವನ್ನು ರೌಸ್ ಹೊಂದಿಸಿಕೊಟ್ಟರು. ಸ್ವಯಂಸೇವಕರು ಸಾವಿರಾರು ಗಂಟೆಗಳ ಕಾಲ ದುಡಿದು ಕಟ್ಟಡಗಳನ್ನು ಸರಿಪಡಿಸಿದರು. ಜ್ಯೂಬಿಲಿ ಹೌಸಿಂಗ್ ಎಂಬ ಹೆಸರಿನ ಈ ಪ್ರಯೋಗವು ಎಂಟರ್‌ಪ್ರೈಸ್ ಫೌಂಡೇಶನ್ನಿಗೆ ಪ್ರೇರಣೆಯಾಯಿತು.

ಎಂಟರ್‌ಪ್ರೈಸ್ ಫೌಂಡೇಶನ್

೧೯೭೯ರಲ್ಲಿ ಕಂಪನಿಯ ಮುಖ್ಯ ಕಾರ್ಯನಿರ್ವಾಹಕ ಹುದ್ದೆಯಿಂದ ನಿವೃತ್ತರಾದ ರೌಸ್, ೧೯೮೨ರಲ್ಲಿ ಫೌಂಡೇಶನ್ ಆರಂಭಿಸಿದರು. ದೇಣಿಗೆಯನ್ನು ಮಾತ್ರ ಅವಲಂಬಿಸದೆ, ಸಂಸ್ಥೆಗೆ ತನ್ನದೇ ಆದಾಯ ಮೂಲವಿರಬೇಕೆಂದು ಅವರು ಬಯಸಿದರು. ಇದಕ್ಕಾಗಿ ಫೌಂಡೇಶನ್ನಿನ ಒಡೆತನದಲ್ಲಿ ಎಂಟರ್‌ಪ್ರೈಸ್ ಡೆವಲಪ್‌ಮೆಂಟ್ ಕಂಪನಿ ರೂಪುಗೊಂಡಿತು. ಇದು ಮಾರುಕಟ್ಟೆಗಳನ್ನು ನಿರ್ಮಿಸಿ, ಅದರ ಲಾಭವನ್ನು ವಸತಿ ಕಾರ್ಯಕ್ಕೆ ಕೊಡಬೇಕಿತ್ತು. ಆದರೆ ಟೊಲೀಡೊ ಮತ್ತು ಫ್ಲಿಂಟ್‌ನಂತಹ ಕೈಗಾರಿಕಾ ನಗರಗಳಲ್ಲಿ ಅದು ಕೈಗೊಂಡ ಮಾರುಕಟ್ಟೆಗಳು ಕೆಲವೇ ವರ್ಷಗಳಲ್ಲಿ ಮುಚ್ಚಿಹೋದವು. ಬಾಸ್ಟನ್‌ನಲ್ಲಿದ್ದಷ್ಟು ಪ್ರವಾಸಿಗರಾಗಲಿ ಕಚೇರಿ ನೌಕರರಾಗಲಿ ಅಲ್ಲಿರಲಿಲ್ಲ. ಹೀಗಾಗಿ ನಿರೀಕ್ಷಿಸಿದ ಆದಾಯ ಬರಲಿಲ್ಲ.

ಸಂಸ್ಥೆಯ ನಿಜವಾದ ಬಲ ಬೇರೊಂದು ಮಾರ್ಗದಿಂದ ಬಂದಿತು. ೧೯೮೬ರ ತೆರಿಗೆ ಸುಧಾರಣಾ ಕಾಯ್ದೆಯು ಕಡಿಮೆ ಆದಾಯದವರ ವಸತಿಗಾಗಿ ತೆರಿಗೆ ವಿನಾಯಿತಿಯನ್ನು ಜಾರಿಗೆ ತಂದಿತು. ಇದರ ಪ್ರಕಾರ ಇಂತಹ ಕಟ್ಟಡದಲ್ಲಿ ಬಂಡವಾಳ ಹೂಡುವ ಕಂಪನಿಗೆ ಹತ್ತು ವರ್ಷಗಳ ಕಾಲ ತೆರಿಗೆಯಲ್ಲಿ ಕಡಿತ ದೊರೆಯುತ್ತದೆ. ಹೂಡಿಕೆಯ ಹಣ ಬಂದಷ್ಟೂ ಕಟ್ಟಡದ ಮೇಲಿನ ಸಾಲ ಕಡಿಮೆಯಾಗುತ್ತದೆ. ಸಾಲದ ಕಂತು ಕಡಿಮೆಯಾದ್ದರಿಂದ ಬಾಡಿಗೆಯನ್ನು ತಗ್ಗಿಸಲು ಸಾಧ್ಯವಾಗುತ್ತದೆ. ಕಂಪನಿಗಳಿಂದ ಈ ಬಂಡವಾಳವನ್ನು ಸಂಗ್ರಹಿಸಿ ಸ್ಥಳೀಯ ಲಾಭರಹಿತ ಸಂಸ್ಥೆಗಳಿಗೆ ತಲುಪಿಸುವ ಕೆಲಸದಲ್ಲಿ ಎಂಟರ್‌ಪ್ರೈಸ್ ಪ್ರಮುಖ ಸ್ಥಾನ ಪಡೆಯಿತು. ರೌಸ್ ತಮ್ಮ ವೃತ್ತಿಯ ಆರಂಭದಲ್ಲಿ ಕಲಿತ ಸಾಲ ಹೊಂದಿಸುವ ಕೌಶಲವೇ ಇಲ್ಲಿಯೂ ಉಪಯೋಗಕ್ಕೆ ಬಂದಿತು. ಸಂಸ್ಥೆಯು ಈಗ ಎಂಟರ್‌ಪ್ರೈಸ್ ಕಮ್ಯೂನಿಟಿ ಪಾರ್ಟ್‌ನರ್ಸ್ ಎಂಬ ಹೆಸರಿನಲ್ಲಿ ಕಾರ್ಯ ನಿರ್ವಹಿಸುತ್ತಿದೆ.

ಸ್ಯಾಂಡ್‌ಟೌನ್–ವಿಂಚೆಸ್ಟರ್ ಮತ್ತು ವಿಮರ್ಶೆ

೧೯೯೦ರ ದಶಕದ ಆರಂಭದಲ್ಲಿ ರೌಸ್ ಅವರು ಬಾಲ್ಟಿಮೋರ್‌ನ ಮೇಯರ್ ಕರ್ಟ್ ಶ್ಮೋಕ್ ಮತ್ತು ನಿವಾಸಿಗಳ ಸಂಘಟನೆಗಳೊಂದಿಗೆ ಸೇರಿ, ಸ್ಯಾಂಡ್‌ಟೌನ್–ವಿಂಚೆಸ್ಟರ್ ಎಂಬ ಬಡ ಬಡಾವಣೆಯ ಸಮಗ್ರ ಸುಧಾರಣೆಗೆ ಮುಂದಾದರು. ವಸತಿ, ಶಿಕ್ಷಣ, ಆರೋಗ್ಯ, ಉದ್ಯೋಗಗಳನ್ನು ಒಟ್ಟಿಗೆ ಸುಧಾರಿಸುವುದು ಉದ್ದೇಶವಾಗಿತ್ತು. ಹತ್ತು ಕೋಟಿ ಡಾಲರ್‌ಗಳಿಗೂ ಹೆಚ್ಚು ಹಣ ಹೂಡಿಕೆಯಾಗಿ ನೂರಾರು ಮನೆಗಳು ನಿರ್ಮಾಣವಾದವು ಹಾಗೂ ನವೀಕರಣಗೊಂಡವು. ಆದರೆ ಕಾರ್ಖಾನೆ ಉದ್ಯೋಗಗಳನ್ನು ಕಳೆದುಕೊಂಡಿದ್ದ ನಗರದಲ್ಲಿ ನಿರುದ್ಯೋಗ ಮತ್ತು ಖಾಲಿ ಮನೆಗಳ ಸಮಸ್ಯೆ ಮುಂದುವರಿಯಿತು. ೨೦೧೫ರಲ್ಲಿ ಈ ಬಡಾವಣೆಯಲ್ಲಿ ಬಂಧಿತನಾದ ಯುವಕನೊಬ್ಬನು ಮೃತಪಟ್ಟ ಬಳಿಕ ಬಾಲ್ಟಿಮೋರ್‌ನಲ್ಲಿ ಗಲಭೆಗಳು ನಡೆದಾಗ, ಈ ಯೋಜನೆಯ ಫಲಿತಾಂಶವು ಮತ್ತೆ ಚರ್ಚೆಗೆ ಬಂದಿತು. ಉದ್ಯೋಗಾವಕಾಶಗಳಿಲ್ಲದೆ ಮನೆಗಳ ಸುಧಾರಣೆಯೊಂದೇ ಬಡತನವನ್ನು ನೀಗಿಸಲಾರದು ಎಂಬುದು ವಿಮರ್ಶಕರ ಅಭಿಪ್ರಾಯ. ಮನೆ ಪಡೆದ ಕುಟುಂಬಗಳ ಬದುಕಿನಲ್ಲಿ ಸುಧಾರಣೆಯಾದದ್ದನ್ನು ಬೆಂಬಲಿಗರು ಎತ್ತಿ ತೋರಿಸುತ್ತಾರೆ.

ಗೌರವಗಳು ಮತ್ತು ನಿಧನ

೧೯೯೫ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರು ರೌಸ್ ಅವರಿಗೆ ಅಮೆರಿಕದ ಅತ್ಯುನ್ನತ ನಾಗರಿಕ ಗೌರವಗಳಲ್ಲಿ ಒಂದಾದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಪ್ರದಾನ ಮಾಡಿದರು. ೧೯೯೬ರ ಏಪ್ರಿಲ್ ೯ರಂದು ರೌಸ್ ತಾವೇ ಕಟ್ಟಿದ ಕೊಲಂಬಿಯಾದಲ್ಲಿ ನಿಧನರಾದರು. ಚಲನಚಿತ್ರ ನಟ ಎಡ್ವರ್ಡ್ ನಾರ್ಟನ್ ಇವರ ಮೊಮ್ಮಗ. ರೌಸ್ ಕಂಪನಿಯನ್ನು ೨೦೦೪ರಲ್ಲಿ ಜನರಲ್ ಗ್ರೋತ್ ಪ್ರಾಪರ್ಟೀಸ್ ಸಂಸ್ಥೆಯು ಖರೀದಿಸಿತು. ಹಾರ್ಬರ್‌ಪ್ಲೇಸ್ ೨೦೧೯ರಲ್ಲಿ ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿಯ ವಶಕ್ಕೆ ಹೋಯಿತು. ಎಂಟರ್‌ಪ್ರೈಸ್ ಸಂಸ್ಥೆಯ ವಸತಿ ಕಾರ್ಯವು ಅಮೆರಿಕದ ಹಲವು ರಾಜ್ಯಗಳಲ್ಲಿ ಮುಂದುವರಿದಿದೆ.