ಪಿಎಚ್.ಡಿ. ಸಂಶೋಧನಾರ್ಥಿಗೆ ತರಬೇತಿ ಮತ್ತು ಆಸರೆ

ಸ್ವತಂತ್ರವಾಗಿ ಸಂಶೋಧನೆ ನಡೆಸಬಲ್ಲವರನ್ನು ಸಿದ್ಧಗೊಳಿಸುವುದು ಪಿಎಚ್.ಡಿ. ವ್ಯಾಸಂಗದ ಉದ್ದೇಶ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಲವರು ಉದ್ಯೋಗದ ಜೊತೆಯಲ್ಲೇ ಈ ವ್ಯಾಸಂಗವನ್ನು ಕೈಗೊಳ್ಳುತ್ತಾರೆ. ಉತ್ಸಾಹದಿಂದ ನೋಂದಾಯಿಸಿಕೊಂಡವರು ನಡುದಾರಿಯಲ್ಲಿ ಕೈಬಿಡುವುದನ್ನೂ ನಾವು ಕಂಡಿದ್ದೇವೆ. ಯಾವ ಘಟ್ಟದಲ್ಲಿ ಯಾರ ನೆರವನ್ನು ಕೇಳಬಹುದೆಂಬ ಅರಿವಿಲ್ಲದಿರುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ. ಆ ಅರಿವಿಗೆ ಅಗತ್ಯವಾದ ಕೆಲವು ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ವಿಷಯದ ಎಲ್ಲೆ

ಮಾರ್ಗದರ್ಶಕರ ಮೊದಲ ಕರ್ತವ್ಯ ವಿಷಯಕ್ಕೆ ಎಲ್ಲೆ ಕಟ್ಟಿಕೊಡುವುದು. ಇದಕ್ಕೆ ಹೊರನಾಡಿನಲ್ಲೇ ಒಳ್ಳೆಯ ನಿದರ್ಶನವಿದೆ. ಜಿ.ಎಸ್. ಗಾಯಿಯವರು ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನು ಕುರಿತು ಇಂಗ್ಲಿಷಿನಲ್ಲಿ ರಚಿಸಿದ ಗ್ರಂಥ 1946ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಮಹಾಪ್ರಬಂಧ ಮಾಲೆಯಲ್ಲಿ ಪ್ರಕಟವಾಯಿತು. 8, 9 ಮತ್ತು 10ನೆಯ ಶತಮಾನಗಳ ಕನ್ನಡ ಶಾಸನಗಳಷ್ಟೇ ಅದರ ಆಕರ. ಆಕರ ಪರಿಮಿತವಾದುದರಿಂದ ವಿಶ್ಲೇಷಣೆ ಆಳವಾಯಿತು. 'ಕನ್ನಡ ಸಾಹಿತ್ಯದಲ್ಲಿ ಸ್ತ್ರೀ' ಎಂಬಂತಹ ಅಪಾರ ವಿಷಯವನ್ನು ಆರಿಸಿಕೊಂಡವರು ಸಾಮಗ್ರಿ ಸಂಗ್ರಹದಲ್ಲೇ ವರ್ಷಗಳನ್ನು ಕಳೆಯುವುದುಂಟು.

ನಿಯಮಗಳು ನೀಡುವ ಆಸರೆ

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ನವೆಂಬರಿನಲ್ಲಿ ಹೊರಡಿಸಿದ ನಿಯಮಾವಳಿಯ ಮುಖ್ಯಾಂಶಗಳು ಇವು:

• ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷ ದೊರೆಯಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಉಳ್ಳವರಿಗೆ ಮತ್ತೆ 2 ವರ್ಷಗಳ ವಿನಾಯಿತಿಗೆ ಅವಕಾಶವಿದೆ.
• ಮಹಿಳೆಯರಿಗೆ ಹೆರಿಗೆ ಹಾಗೂ ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆ ಸಿಗಬಹುದು.
• ಪ್ರಾಧ್ಯಾಪಕರು ಏಕಕಾಲದಲ್ಲಿ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು.
• ಅಭ್ಯಾಸಕ್ರಮದಲ್ಲಿ ಸಂಶೋಧನಾ ನೀತಿಯ ಬೋಧನೆ ಸೇರಿರಬೇಕು.
• ಉದ್ಯೋಗಸ್ಥರು ಮೇಲಧಿಕಾರಿಗಳ ಅನುಮತಿಪತ್ರದೊಡನೆ ಅರೆಕಾಲಿಕವಾಗಿ ವ್ಯಾಸಂಗ ಮಾಡಬಹುದು.

ಸಂಶೋಧನಾ ಸಲಹಾ ಸಮಿತಿಯ ಬಗ್ಗೆ ಇಲ್ಲಿ ವಿಶೇಷವಾಗಿ ಹೇಳಬೇಕು. ಸಂಶೋಧನಾರ್ಥಿಯು ಪ್ರತಿ ಸೆಮಿಸ್ಟರಿನಲ್ಲಿ ಒಮ್ಮೆ ಈ ಸಮಿತಿಯ ಮುಂದೆ ತನ್ನ ಪ್ರಗತಿಯನ್ನು ಮಂಡಿಸಬೇಕು. ಪ್ರಗತಿ ತೃಪ್ತಿಕರವಾಗಿಲ್ಲದಿದ್ದರೆ ಸಮಿತಿಯು ಕಾರಣಗಳನ್ನು ದಾಖಲಿಸಿ ಪರಿಹಾರವನ್ನು ಸೂಚಿಸಬೇಕು. ಹಲವರು ಇದನ್ನು ಪರೀಕ್ಷೆಯೆಂದು ಬಗೆದು ಅಂಜುತ್ತಾರೆ. ವಾಸ್ತವದಲ್ಲಿ, ಗುರುಶಿಷ್ಯರ ನಡುವೆ ಸಂಪರ್ಕ ಕಡಿದಾಗ ಅದನ್ನು ಸರಿಪಡಿಸಿಕೊಳ್ಳಲು ಸಿಗುವ ವೇದಿಕೆಯೂ ಇದೇ.

ಬರವಣಿಗೆಯ ತರಬೇತಿ

ಓದು ಮುಗಿದ ಮೇಲೆ ಬರೆಯೋಣ ಎಂಬ ಭಾವನೆ ಅಪಾಯಕರ. ಓದಿದ್ದಕ್ಕೆ ಆಗಾಗಲೇ ಟಿಪ್ಪಣಿ, ತಿಂಗಳಿಗೆ ಕೆಲವು ಪುಟಗಳ ಕರಡು, ಅದರ ಮೇಲೆ ಮಾರ್ಗದರ್ಶಕರ ಲಿಖಿತ ಅಭಿಪ್ರಾಯ – ಈ ಕ್ರಮ ಮೊದಲ ವರ್ಷದಿಂದಲೇ ನಡೆಯಬೇಕು. ಪ್ರತಿ ಭೇಟಿಯ ಬಳಿಕ ನಿರ್ಧಾರವಾದುದನ್ನು ದಿನಾಂಕಸಹಿತ ಬರೆದಿಟ್ಟುಕೊಂಡರೆ ಮುಂದೆ ಭಿನ್ನಾಭಿಪ್ರಾಯಕ್ಕೆ ಎಡೆಯಿರದು. ಆಕರವನ್ನು ಹೇಳದೆ ಬೇರೆಯವರ ಮಾತನ್ನು ಬಳಸುವುದು ಕೃತಿಚೌರ್ಯ. 2018ರ ನಿಯಮದಂತೆ ಪ್ರಬಂಧದಲ್ಲಿ ಸಾಮ್ಯ ಶೇ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ.

ಹೊರನಾಡಿನ ತೊಡಕುಗಳು

ಕನ್ನಡದ ಆಕರಗಳು ಕೈಗೆಟುಕದಿರುವುದು ನಮ್ಮವರ ದೊಡ್ಡ ತೊಡಕು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ 'ಶೋಧಗಂಗಾ' ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳನ್ನು ಉಚಿತವಾಗಿ ಓದಬಹುದು. ಹೊರನಾಡಿಗೆ ಅನುಕೂಲವೂ ಒಂದಿದೆ: ಮರಾಠಿ, ತಮಿಳು, ತೆಲುಗು ಬಲ್ಲ ಕನ್ನಡಿಗರಿಗೆ ತೌಲನಿಕ ಅಧ್ಯಯನದ ದಾರಿ ಸುಲಭ.

ಇನ್ನೊಂದು ತೊಡಕು ಒಂಟಿತನ. ಕಚೇರಿ, ಲೋಕಲ್ ರೈಲು, ಸಂಸಾರ ಇವುಗಳ ನಡುವೆ ಉಳಿಯುವುದು ರಾತ್ರಿಯ ಒಂದೆರಡು ತಾಸು. ತನ್ನ ವಿಷಯದ ಬಗ್ಗೆ ಮಾತನಾಡಲು ಜೊತೆಗಾರರಿಲ್ಲದಿದ್ದರೆ ಸಂದೇಹ ಬೆಳೆದು ಕೆಲಸ ನಿಲ್ಲುತ್ತದೆ. ಇಲ್ಲಿ ಸಂಘಸಂಸ್ಥೆಗಳು ಮಾಡಬಹುದಾದ ಕಾರ್ಯಕ್ಕೆ ಹೆಚ್ಚು ಹಣ ಬೇಕಿಲ್ಲ. ತಿಂಗಳಿಗೊಮ್ಮೆ ಸಂಶೋಧನಾರ್ಥಿಯೊಬ್ಬರಿಂದ ಒಂದು ಅಧ್ಯಾಯದ ವಾಚನ, ಬಳಿಕ ಚರ್ಚೆ. ಗ್ರಂಥಾಲಯದಲ್ಲಿ ಅವರಿಗೊಂದು ಮೇಜು. ಮೌಖಿಕ ಪರೀಕ್ಷೆಗೆ ಮುನ್ನ ಹಿರಿಯ ವಿದ್ವಾಂಸರೊಡನೆ ಒಂದು ಅಭ್ಯಾಸಗೋಷ್ಠಿ – ಇಷ್ಟು ಸಾಕು.

ಪದವಿ ಪಡೆದವರಿಗೆ ಶಾಲು ಹೊದಿಸಿ ಸನ್ಮಾನಿಸುವ ಪದ್ಧತಿ ನಮ್ಮಲ್ಲಿ ಚೆನ್ನಾಗಿಯೇ ಬೆಳೆದಿದೆ. ಮಹಾಪ್ರಬಂಧ ಇನ್ನೂ ಅರ್ಧದಲ್ಲಿರುವಾಗ ಅವರನ್ನು ಕರೆದು, ಕೆಲಸ ಎಲ್ಲಿಗೆ ಬಂತು ಎಂದು ವಿಚಾರಿಸುವ ಪದ್ಧತಿಯೂ ಬೆಳೆಯಲೆಂದು ಆಶಿಸುತ್ತೇವೆ.